ಬಡಾವಣೆಯ ಬೀದಿಯಲ್ಲಿ ವೇಗ: ಖತಾವಣಿಯಲ್ಲಿ ಕಾಣದ ಹೊಣೆ

ಲೆಕ್ಕಪರಿಶೋಧನೆಯನ್ನು ವೃತ್ತಿಯಾಗಿ ಉಳ್ಳವನು ವಾಹನಗಳ ವೇಗದ ಬಗ್ಗೆ ಬರೆಯಹೊರಟಿರುವುದು ಕೆಲವು ಸದಸ್ಯರಿಗೆ ಸೋಜಿಗವೆನಿಸಬಹುದು. ಅದು ಪೊಲೀಸರ, ಸಾರಿಗೆ ಇಲಾಖೆಯ, ಮಹಾನಗರ ಪಾಲಿಕೆಯ ವಿಷಯವಲ್ಲವೇ ಎಂದು ಅವರು ಕೇಳಿದರೆ ತಪ್ಪಿಲ್ಲ. ಆದರೆ ನಮ್ಮ ಬಡಾವಣೆಗಳ ಬೀದಿಗಳಲ್ಲಿ ಇಂದು ಕಾಣುತ್ತಿರುವ ಅತಿವೇಗಕ್ಕೂ ನಮ್ಮ ಅಂಗಡಿ, ಗೋದಾಮು ಮತ್ತು ಕಾರ್ಖಾನೆಗಳ ಲೆಕ್ಕದ ಪುಸ್ತಕಗಳಿಗೂ ನೇರ ಸಂಬಂಧವಿದೆಯೆಂಬುದನ್ನು ನಾನು ಸ್ವತಃ ಕಂಡುಕೊಂಡಿದ್ದೇನೆ, ಅದೂ ತಡವಾಗಿ. ಆ ಸಂಬಂಧವನ್ನು ಸದಸ್ಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಯ ವಾರ್ಷಿಕ ಲೆಕ್ಕಗಳನ್ನು ಪರಿಶೀಲಿಸುತ್ತಿದ್ದೆ. ವೃತ್ತಿಧರ್ಮಕ್ಕೆ ಬದ್ಧನಾಗಿ ಅದರ ಹೆಸರನ್ನಾಗಲಿ ವ್ಯಾಪಾರದ ಸ್ವರೂಪವನ್ನಾಗಲಿ ಹೇಳಲಾರೆ. 'ವಾಹನ ದುರಸ್ತಿ ಮತ್ತು ನಿರ್ವಹಣೆ' ಖಾತೆಯಲ್ಲಿ ಡೀಸೆಲ್, ಟೈರು, ಪಂಕ್ಚರ್ ಖರ್ಚುಗಳ ನಡುವೆ ಸಂಚಾರ ದಂಡದ ರಸೀದಿಗಳು ಸಾಲಾಗಿ ಬಂದಿದ್ದವು. ಬಹುಪಾಲು ಅತಿವೇಗಕ್ಕೆ, ಕೆಲವು ಸಿಗ್ನಲ್ ಮೀರಿದ್ದಕ್ಕೆ, ಒಂದೆರಡು ಏಕಮುಖ ರಸ್ತೆಯಲ್ಲಿ ಎದುರಿನಿಂದ ನುಗ್ಗಿದ್ದಕ್ಕೆ. ಮಾಲೀಕರನ್ನು ಕೇಳಿದಾಗ ಅವರು ನಕ್ಕು, "ಅದು ದಾರಿ ಖರ್ಚು ಸಾಹೇಬ್ರ, ಡೀಸೆಲ್ ಇದ್ದಂಗ" ಎಂದರು. ಕಾನೂನು ಉಲ್ಲಂಘನೆಗಾಗಿ ತೆತ್ತ ದಂಡವನ್ನು ವ್ಯಾಪಾರದ ವೆಚ್ಚವೆಂದು ಕಳೆಯಲು ಬರುವುದಿಲ್ಲ; 1961ರ ಆದಾಯ ತೆರಿಗೆ ಕಾಯಿದೆಯ 37(1)ನೇ ಕಲಮಿನ ವಿವರಣೆ ಅದನ್ನು ಸ್ಪಷ್ಟಪಡಿಸಿತ್ತು, 2025ರ ಹೊಸ ಕಾಯಿದೆಯಲ್ಲಿಯೂ ಇದೇ ತತ್ವ ಮುಂದುವರಿದಿದೆ. ಈ ಮಾತನ್ನು ಅವರಿಗೆ ತಿಳಿಸಿ, ಆ ಮೊತ್ತವನ್ನು ಆದಾಯಕ್ಕೆ ಮರಳಿ ಸೇರಿಸಿ, ಮುಂದಿನ ಪುಟಕ್ಕೆ ಹೋದೆ.

ಮರುವರ್ಷ ಅದೇ ಸಂಸ್ಥೆಯ ಸರಕು ವಾಹನವೊಂದು ಬೆಳಗಿನ ಹೊತ್ತು ಬಡಾವಣೆಯ ಅಡ್ಡರಸ್ತೆಯಲ್ಲಿ, ಹಾಲು ತರಲು ಹೊರಟಿದ್ದ ಯುವಕನಿಗೆ ಬಡಿಯಿತು. ಆತ ಬದುಕುಳಿಯಲಿಲ್ಲ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಚಾಲಕನ ಪರವಾನಗಿಯ ಅವಧಿ ಮುಗಿದು ತಿಂಗಳುಗಳೇ ಆಗಿದ್ದವು. ಸಂಸ್ಥೆಯಲ್ಲಿ ಅದನ್ನು ತೆರೆದು ನೋಡಿದವರು ಯಾರೂ ಇರಲಿಲ್ಲ. ಸುದ್ದಿ ತಿಳಿದ ಮೇಲೆ ಹಿಂದಿನ ವರ್ಷದ ಕಡತವನ್ನು ತೆಗೆಸಿ ನೋಡಿದೆ. ಅತಿವೇಗದ ರಸೀದಿಗಳಲ್ಲಿ ಹೆಚ್ಚಿನವು ಆ ಒಂದೇ ವಾಹನದವು. ಹನ್ನೆರಡು ತಿಂಗಳು ಮುಂಚಿತವಾಗಿಯೇ ಆ ಕಾಗದಗಳು ನನ್ನ ಮೇಜಿನ ಮೇಲಿದ್ದವು. ಅವುಗಳಲ್ಲಿ ನಾನು ತೆರಿಗೆಯ ಒಂದು ಬಾಬ್ತನ್ನಷ್ಟೇ ಕಂಡಿದ್ದೆ, ಎಚ್ಚರಿಕೆಯನ್ನು ಕಾಣಲಿಲ್ಲ.

ಓಡಿಸುವವರು ಯಾರು?

ಬಡಾವಣೆಯ ಬೀದಿಯಲ್ಲಿ ಅತಿವೇಗವೆಂದೊಡನೆ ನಮಗೆಲ್ಲ ನೆನಪಾಗುವುದು ಸೈಲೆನ್ಸರ್ ಬದಲಿಸಿದ ಬೈಕಿನ ಮೇಲೆ ಹಾರಿಹೋಗುವ ಹದಿಹರೆಯದ ಹುಡುಗ. ಅವನು ಇದ್ದಾನೆ, ಇಲ್ಲವೆನ್ನಲಾಗದು. ಆದರೆ ಹುಬ್ಬಳ್ಳಿಯ ವಿದ್ಯಾನಗರ, ಕೇಶ್ವಾಪುರ, ದೇಶಪಾಂಡೆ ನಗರಗಳಂಥ ಯಾವುದೇ ಬಡಾವಣೆಯ ತಿರುವಿನಲ್ಲಿ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ನಿಂತು ನೋಡಿದರೆ ಬೇರೊಂದು ಚಿತ್ರ ಕಾಣುತ್ತದೆ. ಸಿಲಿಂಡರು ಹೊತ್ತ ವಾಹನ, ನೀರಿನ ಕ್ಯಾನುಗಳ ಟಂಟಂ, ಸಿಮೆಂಟು-ಕಬ್ಬಿಣದ ಮಿನಿ ಲಾರಿ, ಬೇಕರಿಯ ವ್ಯಾನು, ಕಿರಾಣಿ ಅಂಗಡಿಯ ಹುಡುಗನ ಸ್ಕೂಟರು, ಕಾರ್ಖಾನೆಯ ಪಾಳಿಗೆ ಕೆಲಸಗಾರರನ್ನು ಕರೆದೊಯ್ಯುವ ಬಾಡಿಗೆ ಗಾಡಿ. ಇವುಗಳಲ್ಲಿ ಬಹುಪಾಲು ಈ ಪತ್ರಿಕೆಯನ್ನು ಓದುವವರದು, ಇಲ್ಲವೇ ನಮ್ಮ ಸರಕನ್ನು ಸಾಗಿಸುವವರದು.

ಗೋಕುಲ ರಸ್ತೆಯ ಕೈಗಾರಿಕಾ ವಸಾಹತು, ಅಮರಗೋಳದ ಎಪಿಎಂಸಿ, ದುರ್ಗದ ಬೈಲಿನ ಪೇಟೆ ಇವುಗಳ ನಡುವೆ ಸರಕು ಹರಿಯುವುದು ಮುಖ್ಯರಸ್ತೆಗಳಲ್ಲಿ ಮಾತ್ರವಲ್ಲ. ಮುಖ್ಯರಸ್ತೆಯಲ್ಲಿ ಗಾಡಿ ನಿಂತೊಡನೆ ಚಾಲಕ ಪಕ್ಕದ ಬಡಾವಣೆಯೊಳಗೆ ತಿರುಗುತ್ತಾನೆ. ಮುಖ್ಯರಸ್ತೆಯಲ್ಲಿ ಕಳೆದುಕೊಂಡ ಐದು ನಿಮಿಷವನ್ನು ಮಕ್ಕಳು ಆಡುವ ಅಡ್ಡರಸ್ತೆಯಲ್ಲಿ ಹಿಂದಕ್ಕೆ ಪಡೆಯಲು ಯತ್ನಿಸುತ್ತಾನೆ. ಹಾರ್ನ್ ಒತ್ತಿ ಹಿಡಿಯುವುದು, ಮುಂದಿನ ಸೈಕಲ್ಲಿನ ಬೆನ್ನಿಗೇ ಅಂಟಿಕೊಂಡು ಹೋಗುವುದು, ತಿರುವಿನಲ್ಲಿ ಕತ್ತರಿಸಿ ನುಗ್ಗುವುದು ಎಲ್ಲವೂ ಆ ಯತ್ನದ ಭಾಗಗಳೇ.

ಅವನಿಗೆ ಅಂಥ ಆತುರವೇಕೆ? ಲೆಕ್ಕದ ಪುಸ್ತಕ ನೋಡಿದರೆ ತಿಳಿಯುತ್ತದೆ. ನಾನು ಕಂಡಿರುವ ಎಷ್ಟೋ ಸಂಸ್ಥೆಗಳಲ್ಲಿ ಚಾಲಕನ ಸಂಬಳ ಚಿಕ್ಕದು, ಖೇಪಿನ ಭತ್ಯೆ ದೊಡ್ಡದು. ದಿನಕ್ಕೆ ಆರು ಖೇಪು ಮಾಡಿದವನಿಗೂ ಎಂಟು ಖೇಪು ಮಾಡಿದವನಿಗೂ ಮನೆಗೊಯ್ಯುವ ಹಣದಲ್ಲಿ ದೊಡ್ಡ ವ್ಯತ್ಯಾಸ. ಭಾರಿ ವಾಹನಗಳ ಪ್ರವೇಶಕ್ಕೆ ನಿರ್ಬಂಧದ ವೇಳೆ ಇರುವ ಕಡೆಗಳಲ್ಲಿ, ಗಡುವು ಮುಗಿಯುವುದರೊಳಗೆ ಸರಕು ಇಳಿಸಿ ಹೊರಬೀಳುವ ಒತ್ತಡ ಬೇರೆ. ವೇಗ ಚಾಲಕನ ಕಾಲಿನಲ್ಲಿ ಕಾಣಿಸುತ್ತದೆ. ಅದು ಹುಟ್ಟುವುದು ನಾವು ಬರೆದ ಸಂಬಳದ ಪಟ್ಟಿಯಲ್ಲಿ.

ಉಳಿಯುವ ಕಾಲವೆಷ್ಟು?

ಈ ಆತುರದಿಂದ ಸಂಸ್ಥೆಗೆ ಆಗುವ ಲಾಭವನ್ನು ಲೆಕ್ಕ ಹಾಕಿ ನೋಡೋಣ. ಮುಖ್ಯರಸ್ತೆಯಿಂದ ಗೋದಾಮಿನವರೆಗೆ ಬಡಾವಣೆಯೊಳಗಿನ ದಾರಿ 600 ಮೀಟರ್ ಎಂದಿಟ್ಟುಕೊಳ್ಳಿ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಅದನ್ನು ದಾಟಲು 72 ಸೆಕೆಂಡು ಬೇಕು. 50 ಕಿ.ಮೀ. ವೇಗದಲ್ಲಿ ಸುಮಾರು 43 ಸೆಕೆಂಡು. ಉಳಿತಾಯ 29 ಸೆಕೆಂಡು. ದಿನಕ್ಕೆ ಹನ್ನೆರಡು ಬಾರಿ ಆ ದಾರಿಯನ್ನು ದಾಟಿದರೂ ಒಟ್ಟು ಉಳಿತಾಯ ಆರು ನಿಮಿಷಕ್ಕಿಂತ ಕಡಿಮೆ. ತಿಂಗಳಿಗೆ 26 ಕೆಲಸದ ದಿನಗಳೆಂದರೆ ಎರಡೂವರೆ ಗಂಟೆ. ಚಾಲಕ ಮತ್ತು ವಾಹನದ ಒಂದು ಗಂಟೆಯ ಬೆಲೆಯನ್ನು 200 ರೂಪಾಯಿ ಎಂದು ಹಿಡಿದರೆ ತಿಂಗಳ ಲಾಭ 500 ರೂಪಾಯಿ. ತಿರುವು, ಉಬ್ಬು, ಬೀದಿ ದನ ಇವುಗಳಿಗೆ ನಿಧಾನಿಸಬೇಕಾದ ವಾಸ್ತವದಲ್ಲಿ ಅದೂ ಕೈಗೆ ಬರುವುದಿಲ್ಲ.

ಇನ್ನು ಖರ್ಚಿನ ಕಡೆ. ಅಪಾಯವನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಎಚ್ಚರದ ಚಾಲಕನಿಗೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. 30 ಕಿ.ಮೀ. ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿ ವಾಹನ 8 ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಒಣ ರಸ್ತೆಯಲ್ಲಿ, ಒಳ್ಳೆಯ ಬ್ರೇಕಿದ್ದರೆ, ಇನ್ನು 5 ಮೀಟರಿನಲ್ಲಿ ನಿಲ್ಲುತ್ತದೆ. ಒಟ್ಟು ಸುಮಾರು 13 ಮೀಟರ್. 50 ಕಿ.ಮೀ. ವೇಗದಲ್ಲಿ ಮೊದಲ ಸೆಕೆಂಡಿನಲ್ಲಿಯೇ ವಾಹನ 14 ಮೀಟರ್ ಸಾಗಿರುತ್ತದೆ; ನಿಲ್ಲಲು ಮತ್ತೆ 14 ಮೀಟರ್ ಬೇಕು. ಅಂದರೆ 14 ಮೀಟರ್ ದೂರದಲ್ಲಿ ಒಂದು ಮಗು ಚೆಂಡಿನ ಹಿಂದೆ ಓಡಿಬಂದರೆ, ಮೊದಲ ಚಾಲಕ ಮಗುವನ್ನು ಮುಟ್ಟುವ ಮೊದಲೇ ನಿಂತಿರುತ್ತಾನೆ. ಎರಡನೆಯವನು ಬ್ರೇಕು ಹಿಡಿಯುವ ಹೊತ್ತಿಗೆ, ವೇಗ ಒಂದಿಷ್ಟೂ ತಗ್ಗದೆ, ಮಗುವಿನ ಮೇಲೆಯೇ ಇರುತ್ತಾನೆ. ಸರಕು ತುಂಬಿದ ವಾಹನ, ಸವೆದ ಟೈರು, ಮಳೆಗಾಲದ ರಸ್ತೆ ಎಂದರೆ ಈ ಅಂಕಿಗಳು ಇನ್ನೂ ಕೆಡುತ್ತವೆ. ಹೊಡೆತದ ಬಲವೂ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ: 30ರ ಬದಲು 60 ಕಿ.ಮೀ. ಎಂದರೆ ಎರಡು ಪಟ್ಟಲ್ಲ, ನಾಲ್ಕು ಪಟ್ಟು.

ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, ಇವುಗಳಲ್ಲಿ ಶೇ. 71ಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣವೆಂದು ದಾಖಲಾಗಿದೆ. ಸತ್ತವರಲ್ಲಿ ದ್ವಿಚಕ್ರ ವಾಹನದವರು ಶೇ. 44.5, ಪಾದಚಾರಿಗಳು ಶೇ. 19.5. ಈ ಸಾವುಗಳಲ್ಲಿ ಹೆದ್ದಾರಿಗಳ ಪಾಲು ದೊಡ್ಡದೆಂಬುದು ನಿಜ. ಆದರೆ ಹೆದ್ದಾರಿಗೆ ಹೋಗುವವನು ಅಪಾಯವನ್ನು ತಿಳಿದೇ ಹೋಗುತ್ತಾನೆ. ಮನೆಯ ಮುಂದೆ ರಂಗೋಲಿ ಹಾಕುವವಳು ಹಾಗೆ ತಿಳಿದು ಕುಳಿತಿರುವುದಿಲ್ಲ. 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆದ ಜಾಗತಿಕ ಸಚಿವರ ಸಮ್ಮೇಳನ, ಪಾದಚಾರಿಗಳೂ ವಾಹನಗಳೂ ಬೆರೆಯುವ ಬೀದಿಗಳಲ್ಲಿ ಗರಿಷ್ಠ ವೇಗ 30 ಕಿ.ಮೀ. ಇರಬೇಕೆಂದು ಘೋಷಿಸಿದ್ದು ಈ ಕಾರಣದಿಂದಲೇ.

ಕಾನೂನು ಯಾರನ್ನು ಹಿಡಿಯುತ್ತದೆ?

ಅಪಘಾತವಾದರೆ ಚಾಲಕ ಜೈಲಿಗೆ, ಪರಿಹಾರ ವಿಮಾ ಕಂಪನಿಯಿಂದ. ಮಾಲೀಕನಿಗೇನು ಎಂಬ ಭಾವನೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ಅರ್ಧಸತ್ಯವೂ ಅಲ್ಲ. ಸದಸ್ಯರು ಗಮನಿಸಬೇಕಾದ ಕೆಲವು ಅಂಶಗಳನ್ನು ಇಲ್ಲಿ ಸಂಗ್ರಹಿಸಿದ್ದೇನೆ.

ಮೊದಲನೆಯದಾಗಿ, 1988ರ ಮೋಟಾರು ವಾಹನ ಕಾಯಿದೆಯ 183ನೇ ಕಲಮು ಅತಿವೇಗದಿಂದ ಓಡಿಸಿದವನನ್ನು ಮಾತ್ರವಲ್ಲ, ತನ್ನ ನೌಕರನಿಂದ ಹಾಗೆ ಓಡಿಸಿದವನನ್ನೂ ದಂಡಿಸುತ್ತದೆ. 2019ರ ತಿದ್ದುಪಡಿಯ ನಂತರ ಲಘು ವಾಹನಕ್ಕೆ ಈ ದಂಡ 1,000ದಿಂದ 2,000 ರೂಪಾಯಿ, ಮಧ್ಯಮ ಮತ್ತು ಭಾರಿ ವಾಹನಕ್ಕೆ 2,000ದಿಂದ 4,000 ರೂಪಾಯಿ. ಇದೇ ಕಲಮಿನ 4ನೇ ಉಪಕಲಮನ್ನು ನಮ್ಮಲ್ಲಿ ಓದಿದವರು ವಿರಳ. ಇಷ್ಟು ವೇಳೆಯೊಳಗೆ ಪ್ರಯಾಣ ಮುಗಿಸಬೇಕೆಂದು ಒಬ್ಬನು ಆದೇಶ ಕೊಟ್ಟಿದ್ದು, ವೇಗದ ಮಿತಿಯನ್ನು ಮೀರದೆ ಅದನ್ನು ಪಾಲಿಸುವುದು ಕಾರ್ಯಸಾಧ್ಯವಲ್ಲವೆಂದು ನ್ಯಾಯಾಲಯಕ್ಕೆ ಕಂಡುಬಂದರೆ, ಆ ಆದೇಶವೇ ಆದೇಶ ಕೊಟ್ಟವನ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವಾಗುತ್ತದೆ. ಹಿಂದೆ ಫೋನಿನಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತಿತ್ತು. ಇಂದು "ಹತ್ತು ಗಂಟೆಯೊಳಗೆ ಮುಟ್ಟಲೇಬೇಕು" ಎಂದು ವಾಟ್ಸಾಪಿನಲ್ಲಿ ಕಳಿಸಿದ ಸಂದೇಶ ಅಳಿಯದೆ ಉಳಿದಿರುತ್ತದೆ.

ಎರಡನೆಯದಾಗಿ, ಪರವಾನಗಿ ಇಲ್ಲದವನ ಕೈಗೆ ವಾಹನ ಕೊಟ್ಟ ಮಾಲೀಕನಿಗೆ 180ನೇ ಕಲಮಿನ ಪ್ರಕಾರ ಮೂರು ತಿಂಗಳವರೆಗೆ ಸಜೆ, ಅಥವಾ 5,000 ರೂಪಾಯಿ ದಂಡ, ಅಥವಾ ಎರಡೂ. ಅಪ್ರಾಪ್ತ ವಯಸ್ಸಿನವನು ಓಡಿಸಿ ಅಪರಾಧ ಘಟಿಸಿದರೆ 199ಎ ಕಲಮು ಅನ್ವಯಿಸುತ್ತದೆ: ಪೋಷಕ ಅಥವಾ ವಾಹನದ ಮಾಲೀಕನಿಗೆ ಮೂರು ವರ್ಷದವರೆಗೆ ಸಜೆ ಮತ್ತು 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ. ಶಾಲೆ ಮುಗಿಸಿ ಬಂದ ಮಗನ ಕೈಗೆ ಸ್ಕೂಟರಿನ ಕೀಲಿ ಕೊಟ್ಟು "ಎರಡನೇ ಅಡ್ಡರಸ್ತೆಯ ಮನೆಗೆ ಈ ಸಾಮಾನು ಕೊಟ್ಟು ಬಾ" ಎನ್ನುವ ಅಂಗಡಿಕಾರರು ನಮ್ಮಲ್ಲಿ ಕಡಿಮೆಯಿಲ್ಲ.

ಮೂರನೆಯದಾಗಿ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ, ನಿರ್ಲಕ್ಷ್ಯದಿಂದ ಸಾವನ್ನುಂಟುಮಾಡಿದ್ದಕ್ಕೆ ಐದು ವರ್ಷದವರೆಗೆ ಸಜೆಯಿದೆ. ಹಳೆಯ ದಂಡಸಂಹಿತೆಯಲ್ಲಿ ಇದು ಎರಡು ವರ್ಷವಿತ್ತು. ಇದು ಚಾಲಕನಿಗೆ ಬರುವ ಶಿಕ್ಷೆ. ಆದರೆ ಖೇಪಿನ ಲೆಕ್ಕದಲ್ಲಿ ಅವನನ್ನು ಓಡಿಸಿದವರು ನಾವು ಎಂಬುದನ್ನು ಮರೆಯುವುದು ನ್ಯಾಯವಲ್ಲ.

ನಾಲ್ಕನೆಯದು ವಿಮೆ. ಮೂರನೆಯ ವ್ಯಕ್ತಿಯ ವಿಮೆ ಇದೆಯೆಂಬ ಧೈರ್ಯ ಪರವಾನಗಿ ಸರಿಯಿರುವವರೆಗೆ ಮಾತ್ರ. ಚಾಲಕನಿಗೆ ಸಿಂಧುವಾದ ಪರವಾನಗಿ ಇರಲಿಲ್ಲ, ಮಾಲೀಕನು ಅದನ್ನು ಪರಿಶೀಲಿಸುವಲ್ಲಿ ಯುಕ್ತ ಎಚ್ಚರ ವಹಿಸಿರಲಿಲ್ಲ ಎಂಬುದನ್ನು ವಿಮಾ ಕಂಪನಿ ಸಾಬೀತುಪಡಿಸಿದರೆ, ಕಂಪನಿಯು ಸಂತ್ರಸ್ತ ಕುಟುಂಬಕ್ಕೆ ಹಣ ಕೊಟ್ಟು, ಅದನ್ನು ಮಾಲೀಕನಿಂದ ವಸೂಲು ಮಾಡಬಹುದು. ಸರ್ವೋಚ್ಚ ನ್ಯಾಯಾಲಯವು 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಈ ತತ್ವವನ್ನು ವಿಶದಪಡಿಸಿದೆ. ಇಲ್ಲಿ ಗಮನಿಸಬೇಕಾದ ಪದ 'ಎಚ್ಚರ'. ಪರವಾನಗಿಯನ್ನು ನಿಯತವಾಗಿ ಪರಿಶೀಲಿಸಿದ ದಾಖಲೆ ಇಟ್ಟ ಮಾಲೀಕನಿಗೆ ರಕ್ಷಣೆಯಿದೆ. ನೋಡದೇ ಇದ್ದವನಿಗೆ ಇಲ್ಲ.

ಒಂದು ಮಾದರಿ ಲೆಕ್ಕ

ಪರಿಹಾರದ ಮೊತ್ತ ಎಷ್ಟಾಗಬಹುದು? 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ಪ್ರಕರಣಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಗದಿಪಡಿಸಿದ ವಿಧಾನದಂತೆ ಲೆಕ್ಕ ಹಾಕೋಣ. ಮೃತನ ವಯಸ್ಸು 32, ಸ್ವಂತ ಉದ್ಯೋಗ, ತಿಂಗಳ ಆದಾಯ 20,000 ರೂಪಾಯಿ, ಅವಲಂಬಿತರು ನಾಲ್ವರು.

ವಾರ್ಷಿಕ ಆದಾಯ 2,40,000. ನಲವತ್ತಕ್ಕಿಂತ ಕಡಿಮೆ ವಯಸ್ಸಿನ ಸ್ವಂತ ಉದ್ಯೋಗಿಗೆ ಭವಿಷ್ಯದ ಆದಾಯವೃದ್ಧಿಗಾಗಿ ಶೇ. 40 ಸೇರಿಸಿದರೆ 3,36,000. ನಾಲ್ವರು ಅವಲಂಬಿತರಿರುವುದರಿಂದ ಮೃತನ ಸ್ವಂತ ಖರ್ಚಿಗೆಂದು ನಾಲ್ಕನೇ ಒಂದು ಭಾಗ ಕಳೆದರೆ 2,52,000. ಮೂವತ್ತೊಂದರಿಂದ ಮೂವತ್ತೈದರ ವಯೋಮಾನದ ಗುಣಕ 16. ಗುಣಿಸಿದರೆ 40,32,000 ರೂಪಾಯಿ. ಅಂತ್ಯಕ್ರಿಯೆಯ ವೆಚ್ಚ, ಕುಟುಂಬಸುಖದ ನಷ್ಟ ಮುಂತಾದ ಬಾಬ್ತುಗಳೂ ಬಡ್ಡಿಯೂ ಪ್ರತ್ಯೇಕ.

ಒಂದು ಕಡೆ ತಿಂಗಳಿಗೆ 500 ರೂಪಾಯಿಯ, ಅದೂ ಕಾಗದದ ಮೇಲಿನ, ಉಳಿತಾಯ. ಇನ್ನೊಂದು ಕಡೆ 40 ಲಕ್ಷ ಮೀರಿದ ಹೊಣೆ. ಈ ಹೊಣೆ ನಮ್ಮ ಯಾರ ಅಢಾವೆ ಪತ್ರಿಕೆಯಲ್ಲಿಯೂ ಕಾಣುವುದಿಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಗೋದಾಮಿನ ಬಾಗಿಲಿನಿಂದ ಹೊರಟು ಬೀದಿಗಿಳಿಯುತ್ತದೆ. ಮಧ್ಯಮ ಗಾತ್ರದ ಒಂದು ವ್ಯಾಪಾರವನ್ನು ಮುಳುಗಿಸಲು ಅಂಥ ಒಂದೇ ಬೆಳಗು ಸಾಕು. ಆ ಕುಟುಂಬಕ್ಕಾಗುವ ನಷ್ಟವನ್ನಂತೂ ನ್ಯಾಯಾಲಯದ ಗುಣಕವೂ ಅಳೆಯಲಾರದು. ಅದು ಅಳೆಯುವುದು ಬರಬೇಕಿದ್ದ ಸಂಬಳವನ್ನು ಮಾತ್ರ.

ದಂಡ ಬೆಲೆಯಲ್ಲ

"ದಾರಿ ಖರ್ಚು" ಎಂದ ಆ ಮಾಲೀಕರು ವಿಶೇಷವಾಗಿ ಕೆಟ್ಟವರೇನಲ್ಲ. ದಂಡವನ್ನು ಬೆಲೆಯೆಂದು ತಿಳಿಯುವ ಅಭ್ಯಾಸ ನಮ್ಮೆಲ್ಲರಲ್ಲಿಯೂ ಬೇರೂರಿದೆ. ಸರ್ಕಾರವೂ ಅದಕ್ಕೆ ನೀರೆರೆದಿದೆ. 2023ರ ಫೆಬ್ರುವರಿಯಲ್ಲಿ ರಾಜ್ಯದಲ್ಲಿ ಬಾಕಿ ಇದ್ದ ಸಂಚಾರ ದಂಡಗಳ ಮೇಲೆ ಶೇ. 50 ರಿಯಾಯಿತಿ ಘೋಷಿಸಲಾಯಿತು. ಮುಂದೆಯೂ ಅದು ಪುನರಾವರ್ತನೆಯಾಯಿತು. ಬಾಕಿ ವಸೂಲಾತಿಗೆ ಇದು ಉಪಯುಕ್ತವೆಂಬುದನ್ನು ಲೆಕ್ಕಿಗನಾಗಿ ಒಪ್ಪುತ್ತೇನೆ. ಆದರೆ ಸಕಾಲದಲ್ಲಿ ಕಟ್ಟಿದವನು ಪೂರ್ತಿ ತೆತ್ತು, ಕಾದು ಕುಳಿತವನು ಅರ್ಧ ತೆತ್ತರೆ, ದಂಡವು ಹಬ್ಬದ ಮಾರಾಟದ ಸರಕಿನಂತಾಗುತ್ತದೆ. ದಂಡದ ರಸೀದಿ ಖರ್ಚಿನ ಚೀಟಿಯಲ್ಲ; ನಮ್ಮ ವಾಹನದ ಬಗ್ಗೆ ಹೊರಗಿನವರೊಬ್ಬರು ಕೊಟ್ಟ ವರದಿ. ಸರಕಿನಲ್ಲಿ ದೋಷವಿದೆಯೆಂದು ಗಿರಾಕಿ ಬರೆದ ಪತ್ರವನ್ನು ಎಷ್ಟು ಗಂಭೀರವಾಗಿ ಓದುತ್ತೇವೆಯೋ ಅಷ್ಟೇ ಗಂಭೀರವಾಗಿ ಇದನ್ನೂ ಓದಬೇಕು.

ಉಬ್ಬುಗಳು ಉತ್ತರವೇ?

ಬಡಾವಣೆಗಳ ನಿವಾಸಿಗಳು ಕೇಳುವ ಮೊದಲ ಪರಿಹಾರ ರಸ್ತೆ ಉಬ್ಬು. ಅವರ ಸಂಕಟ ಅರ್ಥವಾಗುವಂಥದು. ಭಾರತೀಯ ರಸ್ತೆ ಕಾಂಗ್ರೆಸ್ಸು 1988ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್ ಇರಬೇಕೆಂದೂ, ಗಂಟೆಗೆ 25 ಕಿ.ಮೀ. ವೇಗದಲ್ಲಿ ಅದನ್ನು ಸರಾಗವಾಗಿ ದಾಟುವಂತಿರಬೇಕೆಂದೂ, ಮುಂಚಿತವಾಗಿ ಎಚ್ಚರಿಕೆಯ ಫಲಕವಿರಬೇಕೆಂದೂ ಹೇಳಿತ್ತು. 2018ರಲ್ಲಿ ಅದು ಸಂಚಾರದ ವೇಗ ತಗ್ಗಿಸುವ ಎಲ್ಲ ಕ್ರಮಗಳನ್ನೂ ಒಳಗೊಂಡು ಪರಿಷ್ಕೃತವಾಯಿತು. ನಮ್ಮ ಬೀದಿಗಳಲ್ಲಿ ಕಾಣುವುದು ಮಾತ್ರ ಮನೆ ಕಟ್ಟಿ ಉಳಿದ ಕಾಂಕ್ರೀಟಿನಿಂದ ರಾತ್ರೋರಾತ್ರಿ ಎದ್ದ, ಬಣ್ಣವಿಲ್ಲದ, ಫಲಕವಿಲ್ಲದ ದಿಣ್ಣೆಗಳು. ಅವು ಕತ್ತಲಲ್ಲಿ ಸ್ಕೂಟರಿನವರನ್ನು ಕೆಡವುತ್ತವೆ, ಆಂಬ್ಯುಲೆನ್ಸನ್ನು ತಡೆಯುತ್ತವೆ, ನಮ್ಮ ಗಾಡಿಗಳ ಪ್ಲೇಟು ಮುರಿಯುತ್ತವೆ, ಗಾಜಿನ ಸರಕನ್ನು ಒಡೆಯುತ್ತವೆ. ಚಾಲಕನೋ ಉಬ್ಬು ದಾಟಿದೊಡನೆ ಕಳೆದ ಹೊತ್ತನ್ನು ತುಂಬಿಕೊಳ್ಳಲು ಮತ್ತಷ್ಟು ಒತ್ತುತ್ತಾನೆ. ಮಾರ್ಗಸೂಚಿಯಂತೆ ಕಟ್ಟಿದ ಉಬ್ಬುಗಳು ಶಾಲೆ, ಆಸ್ಪತ್ರೆ, ತಿರುವುಗಳ ಬಳಿ ಅವಶ್ಯ. ಆದರೆ ಆತುರದ ಮೂಲವನ್ನು ಅವು ಮುಟ್ಟಲಾರವು.

ಕೇಂದ್ರದ ಕಾನೂನಿನಲ್ಲಿಯೂ ಒಂದು ಕೊರತೆಯಿದೆ. 2018ರ ಏಪ್ರಿಲ್‌ನ ಅಧಿಸೂಚನೆ ಪುರಸಭಾ ವ್ಯಾಪ್ತಿಯ ರಸ್ತೆಗಳಲ್ಲಿ ಕಾರಿಗೆ 70 ಕಿ.ಮೀ., ಸರಕು ವಾಹನಕ್ಕೂ ಬೈಕಿಗೂ 60 ಕಿ.ಮೀ. ಗರಿಷ್ಠ ಮಿತಿ ಇಟ್ಟಿತು. ಅಗಲವಾದ ವರ್ತುಲ ರಸ್ತೆಗೂ ಇಪ್ಪತ್ತು ಅಡಿಯ ಅಡ್ಡರಸ್ತೆಗೂ ಅದರಲ್ಲಿ ಭೇದವಿಲ್ಲ. ಆದರೆ ರಾಜ್ಯ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಪ್ರಾಧಿಕಾರವು ನಿರ್ದಿಷ್ಟ ರಸ್ತೆಗಳಿಗೆ ಇದಕ್ಕಿಂತ ಕಡಿಮೆ ಮಿತಿಯನ್ನು ಅಧಿಸೂಚಿಸಿ ಫಲಕ ಹಾಕಲು 112ನೇ ಕಲಮಿನಲ್ಲಿ ಅವಕಾಶವಿದೆ. ಕೇಳುವವರು ಬೇಕು.

ಎರಡು ಆಕ್ಷೇಪಗಳು

ಈ ವಿಚಾರವನ್ನು ಕೆಲವು ವ್ಯಾಪಾರಿ ಮಿತ್ರರೊಡನೆ ಚರ್ಚಿಸಿದಾಗ ಎರಡು ಆಕ್ಷೇಪಗಳು ಬಂದವು. ಮೊದಲನೆಯದು: "ನಾನು ನಿಧಾನ ಮಾಡಿದರೆ ಪಕ್ಕದವನು ಮೊದಲು ಮುಟ್ಟಿಸುತ್ತಾನೆ, ಗಿರಾಕಿ ಹೋಗುತ್ತಾನೆ." ಇದು ನಿಜವಾದ ಭಯ. ಹತ್ತು ನಿಮಿಷದಲ್ಲಿ ಮನೆಬಾಗಿಲಿಗೆ ಎಂಬ ಜಾಹೀರಾತುಗಳನ್ನು ಕಂಡ ಗಿರಾಕಿ ಕಿರಾಣಿ ಅಂಗಡಿಯವರಿಂದಲೂ ಅದನ್ನೇ ನಿರೀಕ್ಷಿಸುತ್ತಾನೆ. ಒಬ್ಬನೇ ವ್ಯಾಪಾರಿ ಈ ಪ್ರವಾಹಕ್ಕೆ ಎದುರು ನಿಲ್ಲಲಾರ. ಆದರೆ ಒಬ್ಬನಿಂದ ಆಗದ್ದನ್ನು ಹತ್ತು ಜನ ಸೇರಿ ಮಾಡಲೆಂದೇ ವಾಣಿಜ್ಯೋದ್ಯಮ ಸಂಸ್ಥೆ ಇರುವುದು. ಪೇಟೆಯ ವಾರದ ರಜೆಯನ್ನು ಎಲ್ಲರೂ ಒಟ್ಟಾಗಿ ಪಾಲಿಸಿದಾಗ ಯಾರ ಗಿರಾಕಿಯೂ ತಪ್ಪಿಹೋಗಲಿಲ್ಲ. ಬಡಾವಣೆಯೊಳಗೆ 30 ಕಿ.ಮೀ. ಎಂಬುದೂ ಅಂಥದೇ ಒಪ್ಪಂದವಾಗಬಲ್ಲದು.

ಎರಡನೆಯದು: "ಗಾಡಿ ನಮ್ಮದಲ್ಲ, ಬಾಡಿಗೆಯದು, ಹೊಣೆ ಅವನದು." ಕಾನೂನಿನ ಹೊಣೆ ಬಾಡಿಗೆಯ ಕರಾರನ್ನು ಅವಲಂಬಿಸಿ ಬದಲಾಗಬಹುದು. ಆದರೆ ಗಡುವು ಕೊಡುವವರು ನಾವು, ತಡವಾದರೆ ಬಾಡಿಗೆ ಮುರಿಯುವವರು ನಾವು. ಹಾಗಿರುವಾಗ ಅವನ ವೇಗದಲ್ಲಿ ನಮಗೆ ಪಾಲಿಲ್ಲವೆನ್ನುವುದು, ಸರಕನ್ನು ಪಡೆದು ಬಿಲ್ಲು ತನ್ನದಲ್ಲವೆಂದಂತೆ.

ಏನು ಮಾಡಬಹುದು?

ಸದಸ್ಯರು ತಮ್ಮ ಸಂಸ್ಥೆಗಳಲ್ಲಿ ದೊಡ್ಡ ವೆಚ್ಚವಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು ಹೀಗಿವೆ:

1. ಪರವಾನಗಿ ವಹಿ: ಪ್ರತಿ ಚಾಲಕನ ಪರವಾನಗಿ ಸಂಖ್ಯೆ, ವರ್ಗ, ಅವಧಿ ಮುಗಿಯುವ ದಿನಾಂಕಗಳನ್ನು ಒಂದು ವಹಿಯಲ್ಲಿ ಬರೆದು, ಮೂರು ತಿಂಗಳಿಗೊಮ್ಮೆ ಮೂಲ ಪರವಾನಗಿಯೊಡನೆ ತಾಳೆ ನೋಡಿ ಸಹಿ ಮಾಡಬೇಕು. ವಿಮೆ ಮತ್ತು ಅರ್ಹತಾ ಪತ್ರದ ದಿನಾಂಕಗಳೂ ಅದರಲ್ಲಿರಲಿ.

2. ದಂಡಕ್ಕೆ ಪ್ರತ್ಯೇಕ ಖಾತೆ: ಸಂಚಾರ ದಂಡವನ್ನು ನಿರ್ವಹಣಾ ವೆಚ್ಚದಲ್ಲಿ ಸೇರಿಸದೆ, ವಾಹನವಾರು ಪ್ರತ್ಯೇಕ ಖಾತೆ ತೆರೆಯಬೇಕು. ಒಂದೇ ವಾಹನದ ಹೆಸರು ಮೂರು ಬಾರಿ ಬಂದರೆ ಮಾಲೀಕನೇ ಚಾಲಕನನ್ನು ಕರೆದು ಮಾತನಾಡಬೇಕು.

3. ಖೇಪಿನ ಭತ್ಯೆಯ ಬದಲು ದಿನದ ಸಂಬಳ: ಒಮ್ಮೆಗೇ ಆಗದಿದ್ದರೆ ಖೇಪಿನ ಭತ್ಯೆಯ ಅರ್ಧವನ್ನಾದರೂ ಸಂಬಳಕ್ಕೆ ಸೇರಿಸಿ, ಅಪಘಾತವಿಲ್ಲದ, ದಂಡವಿಲ್ಲದ ತಿಂಗಳಿಗೆ ಬಹುಮಾನವಿಡಬೇಕು.

4. ಗಡುವಿನ ಬದಲು ಅವಧಿ: ಸರಕಿನ ಚೀಟಿಯಲ್ಲಿ "ಹತ್ತಕ್ಕೆ" ಎಂಬುದರ ಬದಲು "ಹತ್ತರಿಂದ ಹನ್ನೊಂದರೊಳಗೆ" ಎಂದು ಬರೆಯುವ ರೂಢಿ ಬೆಳೆಯಬೇಕು.

5. ದಾರಿ ಮತ್ತು ವೇಗ: ಶಾಲೆ ಆರಂಭವಾಗುವ ಮತ್ತು ಬಿಡುವ ವೇಳೆಯಲ್ಲಿ ಬಡಾವಣೆಯ ದಾರಿಯನ್ನು ತಪ್ಪಿಸಬೇಕು. ಸಾರಿಗೆ ವಾಹನಗಳ ವೇಗನಿಯಂತ್ರಕ 80 ಕಿ.ಮೀ. ಮಿತಿಯದಾದ್ದರಿಂದ ಓಣಿಯಲ್ಲಿ ಅದು ನಿರುಪಯುಕ್ತ. ಜಿಪಿಎಸ್ ಸಾಧನವಿರುವವರು ಬಡಾವಣೆಗಳ ವ್ಯಾಪ್ತಿಯಲ್ಲಿ 30 ಕಿ.ಮೀ. ಮೀರಿದರೆ ತಮಗೆ ಸೂಚನೆ ಬರುವಂತೆ ಮಾಡಿಕೊಳ್ಳಬಹುದು.

6. ಹಿಂಬದಿಯಲ್ಲಿ ಫೋನ್ ಸಂಖ್ಯೆ: ವಾಹನದ ಹಿಂದೆ ಸಂಸ್ಥೆಯ ಹೆಸರು, ಸಂಖ್ಯೆ ದೊಡ್ಡದಾಗಿ ಬರೆಸಿ, ಆ ಕರೆಗಳನ್ನು ಉತ್ತರಿಸುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಬೇಕು. ಉತ್ತರಿಸುವವರಿಲ್ಲದಿದ್ದರೆ ಬರೆಸದಿರುವುದೇ ಮೇಲು.

ನಮ್ಮ ಸಂಸ್ಥೆಯು ಮಹಾನಗರ ಪಾಲಿಕೆ ಮತ್ತು ಸಂಚಾರ ಪೊಲೀಸರೊಡನೆ ಕುಳಿತು ಮೂರು ವಿಷಯಗಳನ್ನು ಇತ್ಯರ್ಥಪಡಿಸಬೇಕು: ಪೇಟೆಯಲ್ಲಿ ಸರಕು ಇಳಿಸಲು ಸಾಕಷ್ಟು ದೀರ್ಘವಾದ, ಎಲ್ಲರಿಗೂ ತಿಳಿದಿರುವ ವೇಳಾಪಟ್ಟಿ, ಆಯ್ದ ಬಡಾವಣೆಗಳಿಗೆ 30 ಕಿ.ಮೀ. ಮಿತಿಯ ಅಧಿಸೂಚನೆ ಮತ್ತು ಫಲಕ; ಮಾರ್ಗಸೂಚಿಯಂತೆ ಕಟ್ಟಿದ ಉಬ್ಬುಗಳು. ನಮ್ಮ ಪಾಲಿನದನ್ನು ಮೊದಲು ಮಾಡಿ ಹೋದರೆ ನಮ್ಮ ಬೇಡಿಕೆಗೆ ತೂಕವಿರುತ್ತದೆ. ನಮ್ಮ ಗಾಡಿಗಳೇ ಓಣಿಯಲ್ಲಿ ಹಾರುತ್ತಿರುವಾಗ ಪೊಲೀಸರಿಗೆ ಮನವಿ ಕೊಡುವುದು ಶೋಭೆಯಲ್ಲ.

ಆ ವರ್ಷದಿಂದೀಚೆಗೆ, ವಾಹನಗಳಿರುವ ಯಾವುದೇ ಸಂಸ್ಥೆಯ ಲೆಕ್ಕ ಪರಿಶೋಧನೆಗೆ ಕುಳಿತಾಗ ಕಿರ್ದಿ, ಖತಾವಣಿಗಳ ಜೊತೆಗೆ ಚಾಲಕರ ಪರವಾನಗಿಗಳನ್ನೂ ತರಿಸಿಕೊಳ್ಳುತ್ತೇನೆ. ಕಾನೂನು ಇದನ್ನು ನನ್ನಿಂದ ಕೇಳುವುದಿಲ್ಲ. ಕೆಲವು ಕಡೆ "ಇದೂ ಬೇಕೇನ್ರಿ ಸಾಹೇಬ್ರ?" ಎಂದು ಹುಬ್ಬೇರಿಸುತ್ತಾರೆ. ಬೇಕು ಎನ್ನುತ್ತೇನೆ. ಇದುವರೆಗೆ ಅವಧಿ ಮುಗಿದ ಪರವಾನಗಿಗಳು ಒಂದಕ್ಕಿಂತ ಹೆಚ್ಚು ಕಡೆ ಸಿಕ್ಕಿವೆ. ಆ ಚಾಲಕರು ನವೀಕರಣವಾಗುವವರೆಗೆ ಗೋದಾಮಿನೊಳಗೆ ಕೆಲಸ ಮಾಡಿದ್ದಾರೆ.

ಈ ಲೇಖನವನ್ನು ಓದಿದ ಸದಸ್ಯರಲ್ಲಿ ನನ್ನ ವಿನಂತಿ ಒಂದೇ. ನಾಳೆ ಬೆಳಿಗ್ಗೆ ಗಾಡಿ ಹೊರಡುವ ಮುನ್ನ ತಮ್ಮ ಚಾಲಕನ ಪರವಾನಗಿಯನ್ನು ಕೇಳಿ ಪಡೆದು ದಿನಾಂಕ ನೋಡಿರಿ. "ಓಣಿಯೊಳಗೆ ಮೂವತ್ತು ದಾಟಬೇಡ, ತಡವಾದರೆ ಗಿರಾಕಿಗೆ ನಾನು ಹೇಳುತ್ತೇನೆ" ಎಂದು ನಿಮ್ಮ ಬಾಯಿಂದಲೇ ಹೇಳಿರಿ. ಈ ಮಾತನ್ನು ಅವನಿಗೆ ಪೊಲೀಸರು ಹೇಳಲಾರರು, ನ್ಯಾಯಾಲಯ ಹೇಳಲಾರದು. ಅವನ ಸಂಬಳ ಕೊಡುವವರು ಮಾತ್ರ ಹೇಳಬಲ್ಲರು.